ಮೂರು ಸಾವಿರ ಜನ ಅವಳ ಹಿಂದೆ ಯಾಕೆ ನಡೆಯುತ್ತಾರೆ? ಫ್ಯಾಂಟಸಿ ಕಾದಂಬರಿಯ ಯೋಧನಾಯಕಿಯ ಬಗ್ಗೆ

ಪ್ರಶ್ನೆ: ಮೂರು ಸಂಪುಟಗಳ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಬಾಚಲೆ, 26 ವರ್ಷ, ಗಡಿನಾಡಿನ ಪಾಳೆಯಗಾರನ ಮಗಳು. ತಂದೆ ಸತ್ತ ಮೇಲೆ ಮೂವರು ದಳಪತಿಗಳನ್ನು ದ್ವಂದ್ವಯುದ್ಧದಲ್ಲಿ ಸೋಲಿಸಿ 3,000 ಜನರ ಸೇನೆಗೆ ನಾಯಕಿಯಾಗುತ್ತಾಳೆ. ಕರಡು ಓದಿದವರೆಲ್ಲ ‘ಕಾಳಗ ಚೆನ್ನಾಗಿದೆ, ಆದರೆ ಇಷ್ಟು ಜನ ಇವಳ ಹಿಂದೆ ಯಾಕೆ ಹೋಗುತ್ತಾರೆ ಅಂತ ಗೊತ್ತಾಗಲ್ಲ’ ಅನ್ನುತ್ತಾರೆ. ಏನು ತಿದ್ದಲಿ? ಅವಳ ಆಯುಧ, ಕವಚ, ಯುದ್ಧದಲ್ಲಿ ಅವಳು ನಿಲ್ಲುವ ಜಾಗ ಹೇಗಿರಬೇಕು? ಕೊನೆಯಲ್ಲಿ ಅವಳು ಸಾಯಬೇಕೇ?

ಉತ್ತರ: ನಿಮ್ಮ ಓದುಗರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ದ್ವಂದ್ವಯುದ್ಧ ಗೆದ್ದರೆ ಅವಳು ಒಳ್ಳೆಯ ಕತ್ತಿವರಸೆಯವಳು ಎಂದಷ್ಟೇ ಸಾಬೀತಾಗುತ್ತದೆ. ಸೋತ ಮೂವರು ದಳಪತಿಗಳ ಕೈಕೆಳಗಿನ ಜನ ಮರುದಿನ ಬೆಳಿಗ್ಗೆ ಅವಳ ಒಂದು ಮಾತಿಗೆ ಮಳೆಯಲ್ಲಿ 15 ಕಿಲೋಮೀಟರ್ ನಡೆಯಲು ಯಾಕೆ ಹೊರಡಬೇಕು? ಸೋತವರ ಮನೆಯವರು, ಅಳಿಯಂದಿರು, ಸಾಲ ಕೊಟ್ಟವರು ಆ ರಾತ್ರಿ ಏನು ಮಾತಾಡಿಕೊಂಡರು? ನಾಯಕತ್ವ ಇರುವುದು ಪಾಲಿಸುವವರ ಲೆಕ್ಕಾಚಾರದಲ್ಲಿ. ಹಾಗಾಗಿ ತಿದ್ದುವ ಕೆಲಸ ಬಾಚಲೆಯ ಹಿಂದೆ ನಿಂತವರಿಂದ ಶುರುವಾಗಲಿ.

ಮೊದಲು ಆರು ಜನರನ್ನು ಆರಿಸಿಕೊಳ್ಳಿ. ಒಬ್ಬ ಹಳೆಯ ದಳಪತಿ, ಒಬ್ಬ ಉಗ್ರಾಣದವಳು, ಸಂಬಳಕ್ಕೆ ಬಂದ ಕುದುರೆ ಸವಾರ, ಸೋತ ದಳಪತಿಯ ತಮ್ಮ, ಹೊಲ ಬಿಟ್ಟು ಬಂದ ರೈತ, ಬಾಚಲೆಯನ್ನು ಮಗುವಿದ್ದಾಗಿನಿಂದ ಕಂಡ ಕಾವಲುಗಾರ. ಪ್ರತಿಯೊಬ್ಬರ ಹೆಸರಿನ ಮುಂದೆ ಎರಡು ಸಾಲು ಬರೆಯಿರಿ: ಇವನು ಇವಳ ಮಾತು ಯಾಕೆ ಕೇಳುತ್ತಾನೆ, ಯಾವ ದಿನ ಕೇಳುವುದನ್ನು ನಿಲ್ಲಿಸುತ್ತಾನೆ. ಸವಾರನ ಕಾರಣ ಸಂಬಳ. ಎರಡು ತಿಂಗಳು ತಪ್ಪಿದರೆ ಹೊರಡುತ್ತಾನೆ. ರೈತನ ಕಾರಣ ಅವನ ಊರನ್ನು ಸುಟ್ಟ ಶತ್ರು. ಆದರೆ ಬಿತ್ತನೆಯ ಹೊತ್ತಿಗೆ ಆ ಕಾರಣ ಅರ್ಧಕ್ಕೆ ಇಳಿದಿರುತ್ತದೆ. ಸೋತವನ ತಮ್ಮನಿಗೆ ಸದ್ಯಕ್ಕೆ ಬೇರೆ ದಾರಿಯಿಲ್ಲ, ಸಿಕ್ಕ ದಿನ ಹೋಗುತ್ತಾನೆ. ಈ ಎರಡನೆಯ ಸಾಲುಗಳೇ ನಿಮ್ಮ ಕಥೆಯ ಗಂಟುಗಳು. ಒಂದೊಂದು ಕಾರಣ ಮುಗಿಯುವ ದಿನವೂ ಅವಳು ಏನೋ ಒಂದನ್ನು ಕೊಡಬೇಕು, ಇಲ್ಲವೇ ಅವರನ್ನು ಕಳೆದುಕೊಳ್ಳಬೇಕು.

ಅವಳ ಅಧಿಕಾರ ಎಲ್ಲಿಂದ ಬಂತು ಎನ್ನುವುದನ್ನೂ ನಿಖರವಾಗಿ ತೀರ್ಮಾನಿಸಿ, ಏಕೆಂದರೆ ಅವಳ ದೌರ್ಬಲ್ಯವೂ ಅಲ್ಲಿಂದಲೇ ಬರುತ್ತದೆ. ಚರಿತ್ರೆಯಲ್ಲಿ ಇದಕ್ಕೆ ಒಂದೇ ಮಾದರಿಯಿಲ್ಲ. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಎರಡನೆಯ ಜಯಸಿಂಹನ ಸೋದರಿ. ರಾಜಮನೆತನದ ಹೆಸರಿನಲ್ಲಿ ಕಿಸುಕಾಡು ನಾಡನ್ನು ಆಳಿದಳು, 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದಳು, ಶಾಸನ ಅವಳನ್ನು ರಣಭೈರವಿ ಎನ್ನುತ್ತದೆ. ಅವಳ ಬಲ ಮನೆತನದ್ದು. ಅಂಥವಳಿಗೆ ಮನೆತನದ ಒಳಜಗಳವೇ ಅಪಾಯ. ಕಾಕತೀಯರ ರುದ್ರಮದೇವಿಯನ್ನು ತಂದೆ ಗಣಪತಿದೇವನೇ ಉತ್ತರಾಧಿಕಾರಿ ಮಾಡಿದ, ಶಾಸನಗಳಲ್ಲಿ ರುದ್ರದೇವ ಮಹಾರಾಜ ಎಂಬ ಗಂಡು ಹೆಸರಿನಲ್ಲೇ ಬರುತ್ತಾಳೆ. ಅವಳಿಗೆ ಎದುರಾದದ್ದು ಕಾಯಸ್ಥ ಅಂಬದೇವನಂಥ ಬಲಿತ ಸಾಮಂತ. ಉಳ್ಳಾಲದ ಚೌಟ ರಾಣಿಯರ ಹಕ್ಕು ತಾಯಿಯ ಕಡೆಯಿಂದ ಬಂದದ್ದು, ಅಲ್ಲಿ ಹೆಣ್ಣು ಪಟ್ಟಕ್ಕೆ ಬರುವುದು ನಿಯಮದ ಒಳಗೇ ಇತ್ತು. ಫ್ರಾನ್ಸಿನ ಜೋನ್ ಆಫ್ ಆರ್ಕ್‌ಗೆ ಮನೆತನವೂ ಇರಲಿಲ್ಲ, ನಾಡೂ ಇರಲಿಲ್ಲ. ದೈವವಾಣಿ ಮತ್ತು ರಾಜನ ಒಪ್ಪಿಗೆ, ಅಷ್ಟೇ. ಗೆಲುವು ನಿಂತ ಕೂಡಲೇ ಎರಡೂ ಸಡಿಲವಾದವು, 1430ರಲ್ಲಿ ಸೆರೆಯಾದಳು, ಮರುವರ್ಷ ಸುಟ್ಟರು.

ಬಾಚಲೆಯದು ಇವುಗಳಲ್ಲಿ ಯಾವುದು? ಪಾಳೆಯಗಾರನ ಮಗಳು ಎಂದರೆ ಮನೆತನದ ಹಕ್ಕು ಅರ್ಧ ಇದೆ. ದ್ವಂದ್ವಯುದ್ಧಗಳನ್ನು ಮೂರರಿಂದ ಒಂದಕ್ಕೆ ಇಳಿಸಿ. ಉಳಿದ ಇಬ್ಬರು ದಳಪತಿಗಳನ್ನು ಅವಳು ಬೇರೆ ಬಗೆಯಲ್ಲಿ ಒಲಿಸಿಕೊಳ್ಳಲಿ: ಒಬ್ಬನಿಗೆ ಅವನ ತಂದೆಗೆ ತಪ್ಪಿಹೋಗಿದ್ದ ಜಮೀನಿನ ತೀರ್ಪು, ಇನ್ನೊಬ್ಬನಿಗೆ ಯಾರಿಗೂ ಹೇಳಬಾರದಂಥ ಒಂದು ಮಾತು. ಆ ಮಾತು ಎರಡನೆಯ ಸಂಪುಟದಲ್ಲಿ ಹೊರಬೀಳಲಿ. ಒಂದೇ ದ್ವಂದ್ವಯುದ್ಧವಿದ್ದರೆ ಅದಕ್ಕೂ ತೂಕ ಬರುತ್ತದೆ.

ಈಗ ಸೇನೆಯ ಲೆಕ್ಕ. ಫ್ಯಾಂಟಸಿ ಬರೆಯುವವರು ಅತಿ ಹೆಚ್ಚು ಹಾರಿಸಿಬಿಡುವ ಭಾಗ ಇದು, ನಾಯಕಿಯನ್ನು ನಾಯಕಿಯಾಗಿ ತೋರಿಸಲು ಅತಿ ಹೆಚ್ಚು ಸಾಮಗ್ರಿ ಇರುವುದೂ ಇಲ್ಲೇ. ಒಬ್ಬ ಕಾಲಾಳಿಗೆ ದಿನಕ್ಕೆ ಸುಮಾರು 900 ಗ್ರಾಂ ಧಾನ್ಯ ಬೇಕು. 3,000 ಜನಕ್ಕೆ 2.7 ಟನ್ ಆಯಿತು. ಅವರಲ್ಲಿ 400 ಸವಾರರು ಎಂದುಕೊಳ್ಳಿ. ದುಡಿಯುವ ಕುದುರೆಗೆ ಹುಲ್ಲಿನ ಜೊತೆ 4ರಿಂದ 5 ಕಿಲೋ ಧಾನ್ಯ, ಅಂದರೆ ಇನ್ನೂ 1.8 ಟನ್. ಒಟ್ಟು ದಿನಕ್ಕೆ 4.5 ಟನ್, ಹತ್ತು ದಿನಕ್ಕೆ 45 ಟನ್. ಜೋಡೆತ್ತಿನ ಗಾಡಿ 500 ಕಿಲೋ ಹೊತ್ತರೆ 90 ಗಾಡಿ, 180 ಎತ್ತು. ಎತ್ತಿನ ಗಾಡಿ ದಿನಕ್ಕೆ 15 ಕಿಲೋಮೀಟರ್ ಹೋದರೆ ಹೆಚ್ಚು, ಎತ್ತುಗಳು ಮೇಯಲೂ ಬೇಕಲ್ಲ. ನೀರನ್ನಂತೂ ಹೊತ್ತೊಯ್ಯುವ ಮಾತೇ ಇಲ್ಲ. ಒಂದು ಕುದುರೆಯೇ ದಿನಕ್ಕೆ 30ರಿಂದ 40 ಲೀಟರ್ ಕುಡಿಯುತ್ತದೆ. ಹಾಗಾಗಿ ಅವಳ ಸೇನೆ ಹೊಳೆಯ ಪಕ್ಕದಲ್ಲೇ ನಡೆಯುತ್ತದೆ, ಶತ್ರುವಿಗೂ ಅದು ಗೊತ್ತಿರುತ್ತದೆ.

ದಾರಿಯ ಮೇಲೆ ಈ ಸೇನೆ ಎಷ್ಟು ಉದ್ದ? 2,600 ಕಾಲಾಳು ನಾಲ್ಕು ನಾಲ್ಕು ಜನರಂತೆ, ಸಾಲಿಗೆ 2 ಮೀಟರ್ ಎಂದರೆ 1.3 ಕಿಲೋಮೀಟರ್. ಕುದುರೆಗಳು ಜೋಡಿಯಾಗಿ ಹೋದರೆ 800 ಮೀಟರ್. ಗಾಡಿಗೆ 10 ಮೀಟರ್‌ನಂತೆ 900 ಮೀಟರ್. ಒಟ್ಟು 3 ಕಿಲೋಮೀಟರ್. ಮುಂದಿನವರು ಹೊರಟು ಮುಕ್ಕಾಲು ಗಂಟೆಯಾದ ಮೇಲೆ ಹಿಂದಿನವರು ಹೆಜ್ಜೆ ಹಾಕುತ್ತಾರೆ. ಕೊನೆಯ ಗಾಡಿಗಳ ಮೇಲೆ ದಾಳಿಯಾದರೆ, ಕಿರಿದಾದ ದಾರಿಯಲ್ಲಿ ಜನರನ್ನು ಸರಿಸಿಕೊಂಡು ಬರುವ ಸವಾರ ಅವಳನ್ನು ಮುಟ್ಟಲು ಕಾಲು ಗಂಟೆ ಬೇಕು. ಅವಳ ಆಜ್ಞೆ ಹಿಂದಕ್ಕೆ ಹೋಗಲು ಇನ್ನೊಂದು ಕಾಲು ಗಂಟೆ. ಆ ಅರ್ಧ ಗಂಟೆಯಲ್ಲಿ ಅಲ್ಲಿ ತೀರ್ಮಾನ ಮಾಡುವವರು ಯಾರು? ಅವಳು ಆ ಜಾಗಕ್ಕೆ ಯಾರನ್ನು ನೇಮಿಸಿದ್ದಳೋ ಅವರು. ಹಿಂಬದಿಗೆ ಸರಿಯಾದ ಮನುಷ್ಯನನ್ನು ಇಟ್ಟದ್ದು ಅಥವಾ ಇಡದೇ ಹೋದದ್ದು, ಇದು ಅವಳ ನಾಯಕತ್ವವನ್ನು ತೋರಿಸುವಷ್ಟು ಯಾವ ಕತ್ತಿವರಸೆಯೂ ತೋರಿಸಲಾರದು.

ಈ ಅಂಕಿಗಳನ್ನೆಲ್ಲ ಕಾದಂಬರಿಯಲ್ಲಿ ತುಂಬಬೇಡಿ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ. ಪುಟದ ಮೇಲೆ ಬರಬೇಕಾದ್ದು ಅವುಗಳಿಂದ ಹುಟ್ಟುವ ಇಕ್ಕಟ್ಟು. ಕರಡುಗಳಲ್ಲಿ ಹೊಳೆ ದಾಟುವ ದೃಶ್ಯ ಸಾಮಾನ್ಯವಾಗಿ ಹೀಗಿರುತ್ತದೆ: ನಾಯಕಿ ಕತ್ತಿ ಎತ್ತಿ ‘ಈ ಹೊಳೆ ನಮ್ಮನ್ನು ತಡೆಯಲಾರದು’ ಎನ್ನುತ್ತಾಳೆ, ಸೇನೆ ಜಯಘೋಷ ಮಾಡುತ್ತದೆ, ಎಲ್ಲರೂ ದಾಟುತ್ತಾರೆ. ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ, ಆದ್ದರಿಂದ ಅವಳು ಏನನ್ನೂ ತೀರ್ಮಾನಿಸಿರುವುದಿಲ್ಲ. ಅದೇ ದೃಶ್ಯ ಹೀಗೂ ಬರಬಹುದು:

ಕೇತಮ ಕೋಲನ್ನು ನೀರಿನಿಂದ ಎತ್ತಿ ಪಕ್ಕದಲ್ಲಿ ನಿಲ್ಲಿಸಿಕೊಂಡ. ಒದ್ದೆಯ ಗುರುತು ಅವನ ಎದೆಮಟ್ಟಕ್ಕಿತ್ತು. ‘ಬೆಳಿಗ್ಗೆ ಸೊಂಟಕ್ಕಿತ್ತು.’

‘ಗಾಡಿಗಳು?’

‘ಮೂವತ್ತೆಂಟು ಆಚೆ ದಡದಲ್ಲೇ ಇವೆ. ಹನ್ನೊಂದರಲ್ಲಿ ಗಾಯಾಳುಗಳು.’

ಎಲ್ಲರೂ ಮೋಡ ನೋಡುತ್ತಿದ್ದರು. ಬಾಚಲೆ ಆಚೆ ದಡದ ಎತ್ತುಗಳನ್ನು ನೋಡಿದಳು. ‘ಧಾನ್ಯದ ಗಾಡಿ ಮೊದಲು ಬರಲಿ.’

ಕೇತಮ ಅಲುಗಲಿಲ್ಲ. ಅವನ ತಮ್ಮ ಆ ಹನ್ನೊಂದು ಗಾಡಿಗಳಲ್ಲಿ ಒಂದರಲ್ಲಿದ್ದ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದೆ ಎನ್ನುವುದು ಅವನಿಗೂ ಗೊತ್ತಿತ್ತು.

‘ಧಾನ್ಯ ಮೊದಲು, ಕೇತಮ. ಆಮೇಲೆ ಹಗ್ಗ ಕಟ್ಟಿ ಗಾಯಾಳುಗಳನ್ನು ಹೊತ್ತು ತರಿಸು. ಹೊರುವವರನ್ನು ನೀನೇ ಆರಿಸಿಕೋ.’

ಅವನು ಹೋದ. ಓಡಲಿಲ್ಲ, ನಡೆದುಕೊಂಡು ಹೋದ.

ಇಲ್ಲಿ ಅವಳನ್ನು ಹೊಗಳುವ ಒಂದು ಪದವೂ ಇಲ್ಲ. ಆಜ್ಞೆಗೆ ಬೆಲೆಯಿದೆ, ಆ ಬೆಲೆ ತೆರುವವನಿಗೆ ಹೆಸರಿದೆ, ಅವನು ಪಾಲಿಸಿದ ರೀತಿಯಲ್ಲೇ ಮುಂದಿನ ಅಧ್ಯಾಯದ ಒಡಕು ಇದೆ. ‘ನೀನೇ ಆರಿಸಿಕೋ’ ಎಂದು ಅವನ ಕೈಗೆ ಸ್ವಲ್ಪ ಅಧಿಕಾರ ಕೊಟ್ಟದ್ದು ಅವಳ ಜಾಣತನ. ಅದನ್ನು ಓದುಗರೇ ಕಂಡುಕೊಳ್ಳಲಿ, ನಿರೂಪಕ ವಿವರಿಸಲು ಹೋಗಬಾರದು.

ಯುದ್ಧದ ದಿನ ಅವಳು ಎಲ್ಲಿ ನಿಲ್ಲಬೇಕು ಎಂದು ಕೇಳಿದ್ದೀರಿ. ಮೊದಲ ಸಾಲಿನಲ್ಲಿ ನಿಂತವಳಿಗೆ ಕಾಣುವುದು ಎದುರಿನ ನಾಲ್ಕೈದು ಮುಖಗಳು ಮಾತ್ರ. ಮುಖ ಮುಚ್ಚುವ ಶಿರಸ್ತ್ರಾಣ ಹಾಕಿದರೆ ಅಕ್ಕಪಕ್ಕವೂ ಕಾಣದು, ಕಿವಿ ಅರ್ಧ ಮುಚ್ಚಿರುತ್ತದೆ. ಕಾಳಗದ ಗದ್ದಲದಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೂ ಮಾತು ಕೆಲವೇ ಹತ್ತು ಮೀಟರ್ ತಲುಪೀತು. ಹಾಗಾಗಿ ಆಜ್ಞೆ ಹೋಗುವುದು ನಗಾರಿ, ಕಹಳೆ, ಬಾವುಟ ಮತ್ತು ಸವಾರರ ಮೂಲಕ. ಸಂಕೇತಗಳು ನಾಲ್ಕೈದಕ್ಕಿಂತ ಹೆಚ್ಚಿದ್ದರೆ ಜನ ಗೊಂದಲಕ್ಕೆ ಬೀಳುತ್ತಾರೆ: ಮುನ್ನಡೆ, ನಿಲ್ಲು, ಹಿಂದೆ ಸರಿ, ಎಡಕ್ಕೆ, ಬಲಕ್ಕೆ. ಅವಳಿಗೆ ಸರಿಯಾದ ಜಾಗ ಸಾಲಿನ ಹಿಂದೆ 150ರಿಂದ 200 ಮೀಟರ್ ದೂರದಲ್ಲಿ ಸ್ವಲ್ಪ ಎತ್ತರದ ನೆಲ, ಪಕ್ಕದಲ್ಲಿ ಮೀಸಲು ದಳ. 3,000 ಜನರಲ್ಲಿ 500 ಜನರನ್ನು ಮೀಸಲಿಡಿ.

ಆ 500 ಜನರನ್ನು ಯಾವಾಗ, ಎಲ್ಲಿಗೆ ಕಳಿಸುವುದು ಎನ್ನುವುದೇ ಯುದ್ಧದ ನಡುವೆ ಅವಳ ಕೈಯಲ್ಲಿ ಉಳಿಯುವ ದೊಡ್ಡ ತೀರ್ಮಾನ. ಎಡಗಡೆ ಸಾಲು ಬಾಗುತ್ತಿದೆ, ಅಲ್ಲಿ ಅವಳ ಸೋದರಮಾವನಿದ್ದಾನೆ, ಸಹಾಯ ಕೇಳಿ ಎರಡನೆಯ ಸವಾರನೂ ಬಂದ. ಅವಳು ಕಳಿಸುವುದಿಲ್ಲ, ಏಕೆಂದರೆ ಶತ್ರುವಿನ ಕುದುರೆಗಳು ಇನ್ನೂ ಎಲ್ಲೂ ಕಾಣಿಸಿಕೊಂಡಿಲ್ಲ. ಇಂಥ ಕಾಯುವಿಕೆಯನ್ನು ಎರಡು ಪುಟ ಬರೆಯಿರಿ. ಇಪ್ಪತ್ತು ಜನರನ್ನು ಕತ್ತರಿಸಿ ಹಾಕುವ ದೃಶ್ಯಕ್ಕಿಂತ ಓದುಗರ ಉಸಿರು ಇಲ್ಲಿ ಹೆಚ್ಚು ಬಿಗಿಯಾಗುತ್ತದೆ. ಮೀಸಲು ದಳ ಹೋದ ಮೇಲೆ ಅವಳ ಕೈಯಲ್ಲಿ ಕೊಡಲು ಏನೂ ಇಲ್ಲ. ಆಗ ಅವಳೂ ಅಂಗರಕ್ಷಕರೂ ಕಾಳಗಕ್ಕೆ ಇಳಿಯಬಹುದು. ಆಗ ಎಳೆದ ಕತ್ತಿಗೆ ಅರ್ಥವಿದೆ, ಎಲ್ಲವನ್ನೂ ಪಣಕ್ಕಿಟ್ಟಾಯಿತು ಎಂದು ಓದುಗರಿಗೆ ಹೇಳದೆಯೇ ತಿಳಿಯುತ್ತದೆ.

ಹಿಂದೆ ನಿಲ್ಲುವುದೆಂದರೆ ಅಡಗುವುದು ಎಂದಾಗಬಾರದು, ಅವಳು ಜನರ ಕಣ್ಣಿಗೆ ಕಾಣಬೇಕು. ಜೋನ್ ತನ್ನ ವಿಚಾರಣೆಯಲ್ಲಿ ಕತ್ತಿಗಿಂತ ಬಾವುಟವೇ ತನಗೆ ನಲವತ್ತು ಪಾಲು ಹೆಚ್ಚು ಇಷ್ಟ ಎಂದಿದ್ದಳು. 1429ರ ಮೇ 7ರಂದು ಓರ್ಲಿಯನ್ಸ್‌ನಲ್ಲಿ ಕತ್ತು ಮತ್ತು ಭುಜದ ನಡುವೆ ಬಾಣ ನಾಟಿತು. ಗಾಯ ಕಟ್ಟಿಸಿಕೊಂಡು ಅದೇ ದಿನ ಬಾವುಟದೊಂದಿಗೆ ಮತ್ತೆ ಎದುರಿಗೆ ಬಂದಳು, ಸಂಜೆಯೊಳಗೆ ಶತ್ರುವಿನ ಕೈಯಲ್ಲಿದ್ದ ಸೇತುವೆಯ ಕೋಟೆ ಬಿತ್ತು. ಅವಳ ಬಾವುಟ ಮತ್ತೆ ಕಾಣಿಸಿದ್ದೇ ಆ ಸಂಜೆ ದಣಿದ ಸೈನಿಕರನ್ನು ಗೋಡೆಗೆ ಮರಳಿಸಿತು. ಬಾಚಲೆಗೂ ದೂರದಿಂದ ಗುರುತಿಸಬಹುದಾದ ಒಂದು ಗುರುತು ಕೊಡಿ. ಒಮ್ಮೆ ಆ ಗುರುತು ಬೀಳಲಿ, ಅವಳು ಸತ್ತಳೆಂದು ಜನ ಓಡಲಿ.

ದೇಹಬಲದ ಬಗ್ಗೆ ನೇರವಾಗಿ ಬರೆಯಿರಿ. ಮೇಲ್ದೇಹದ ಬಲದಲ್ಲಿ ಗಂಡು ಹೆಣ್ಣಿನ ನಡುವೆ ಸರಾಸರಿ ವ್ಯತ್ಯಾಸ ದೊಡ್ಡದು, ಕಾಲುಗಳ ಬಲದಲ್ಲಿ ಅಷ್ಟಿಲ್ಲ. ತರಬೇತಿ ಪಡೆದ ಹೆಣ್ಣು ತರಬೇತಿಯಿಲ್ಲದ ಗಂಡನ್ನು ಮಣಿಸಬಲ್ಲಳು, ಆದರೆ ತನ್ನಷ್ಟೇ ಪಳಗಿದ, ತನಗಿಂತ 25 ಕಿಲೋ ಹೆಚ್ಚು ತೂಗುವ ಯೋಧನ ಹಿಡಿತಕ್ಕೆ ಸಿಕ್ಕರೆ ಸೋಲುತ್ತಾಳೆ. ಬಾಚಲೆಗೆ ಇದು ಗೊತ್ತಿರಲಿ, ಹಿಡಿತಕ್ಕೆ ಸಿಗದಂತೆ ಹೋರಾಡಲಿ. ‘ಹೆಣ್ಣಿಗೆ ಬಿಲ್ಲು’ ಎನ್ನುವ ರೂಢಿ ಇಲ್ಲಿ ಪೂರ್ತಿ ತಲೆಕೆಳಗು. ಯುದ್ಧದ ಉದ್ದಬಿಲ್ಲು ಎಳೆಯಲು 45 ಕಿಲೋ ತೂಕ ಎಳೆಯುವಷ್ಟು, ಕೆಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು ಬಲ ಬೇಕು. ಬೆನ್ನು ಮತ್ತು ಭುಜವನ್ನು ಅತಿ ಹೆಚ್ಚು ಕೇಳುವ ಆಯುಧ ಅದು. ಅವಳಿಗೆ ಒಪ್ಪುವುದು 2ರಿಂದ 2.5 ಮೀಟರ್ ಉದ್ದದ ಈಟಿ. ದೂರವನ್ನು ಕಾಯುತ್ತದೆ, ಎರಡೂ ಕೈಗೆ ಭಾರ ಹಂಚುತ್ತದೆ. ಇನ್ನೊಂದು ಕುದುರೆ. ಓಡುವ ಕುದುರೆಯ ಮೇಲಿಂದ ಈಟಿಗೆ ಬರುವ ಬಲ ಕುದುರೆಯದು, ಸವಾರಳ ತೋಳಿನದಲ್ಲ. ಕತ್ತಿ ಸೊಂಟದಲ್ಲಿರಲಿ, ಈಟಿ ಮುರಿದಾಗ ಬೇಕಾಗುತ್ತದೆ. ಒಂಟಿಕೈ ಕತ್ತಿಯ ತೂಕ 1.1ರಿಂದ 1.4 ಕಿಲೋ. ‘ಹತ್ತು ಸೇರಿನ ಖಡ್ಗ’ಗಳನ್ನು ಬಿಟ್ಟುಬಿಡಿ, ಅಂಥದ್ದನ್ನು ಯಾವ ಗಂಡಸೂ ಎರಡು ನಿಮಿಷಕ್ಕಿಂತ ಹೆಚ್ಚು ಬೀಸಲಾರ.

ಕವಚದಲ್ಲಿ ನಡೆಯುವ ತಪ್ಪು ಚಿತ್ರಕಾರರಿಂದ ಬರಹಗಾರರಿಗೆ ಹರಿದು ಬಂದದ್ದು. ಎದೆಯ ಆಕಾರಕ್ಕೆ ಎರಡು ಉಬ್ಬು ಕೊಟ್ಟ ಲೋಹದ ಕವಚ ಏಟನ್ನು ಪಕ್ಕಕ್ಕೆ ಜಾರಿಸುವ ಬದಲು ನಡುವಿನ ತಗ್ಗಿಗೆ, ಎದೆಮೂಳೆಯ ಮೇಲಕ್ಕೇ ತಂದು ಬಿಡುತ್ತದೆ. ಎದೆಯ ಕವಚ ಒಂದೇ ಉಬ್ಬಾಗಿ ಹೊರಕ್ಕೆ ಬಾಗಿರಬೇಕು, ಒಳಗೆ ಹತ್ತಿ ತುಂಬಿದ ದಪ್ಪ ಅಂಗಿಗೆ ಜಾಗ ಇರಬೇಕು. ಹಾಗೆ ಮಾಡಿದರೆ ಹೊರಗಿನಿಂದ ಗಂಡಸೋ ಹೆಂಗಸೋ ಗೊತ್ತಾಗುವುದೇ ಇಲ್ಲ, ಅದನ್ನು ಕಥೆಗೆ ಬಳಸಿಕೊಳ್ಳಿ. ಸಣ್ಣ ಲೋಹದ ಬಳೆಗಳನ್ನು ಹೆಣೆದ ಸರಪಳಿ ಅಂಗಿ 10ರಿಂದ 14 ಕಿಲೋ, ಭಾರ ಪೂರ್ತಿ ಭುಜದ ಮೇಲೆ. ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ, ಅದನ್ನು ತಿಳಿಯದ ಹೊಸ ಸೈನಿಕ ಮಧ್ಯಾಹ್ನದೊಳಗೆ ಕೈ ಎತ್ತಲಾರ. ತಲೆಯಿಂದ ಕಾಲಿನವರೆಗಿನ ಲೋಹದ ಫಲಕಗಳ ಕವಚ 20ರಿಂದ 25 ಕಿಲೋ, ಆದರೆ ಭಾರ ಮೈತುಂಬ ಹಂಚಿರುತ್ತದೆ. ಅದನ್ನು ತೊಡಿಸಲು ಸಹಾಯಕ ಬೇಕು. ತೊಡಿಸುವ ಆ ಹೊತ್ತು ಮಾತುಕತೆಯ ದೃಶ್ಯಕ್ಕೆ ಒಳ್ಳೆಯ ಅವಕಾಶ. ಬಿಸಿಲಲ್ಲಿ ಕವಚದವರು ಗಾಯಕ್ಕಿಂತ ಮೊದಲು ಬಾಯಾರಿಕೆಗೆ ಬೀಳುತ್ತಾರೆ. ಕೂದಲು ಹೆಣೆದು ಶಿರಸ್ತ್ರಾಣದ ಕೆಳಗಿನ ಮೆತ್ತೆಯೊಳಗೆ ಇರಲಿ, ಗಾಳಿಗೆ ಹಾರುವ ಕೂದಲು ಎದುರಾಳಿಗೆ ಹಿಡಿಕೆ.

ಗಾಯಗಳಿಗೆ ಕಾಲ ಕೊಡಿ. ಕೊರಳೆಲುಬು ಮುರಿದರೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಆಮೇಲೂ ತೋಳು ಸೊರಗಿರುತ್ತದೆ. ಮುಂಗೈಯ ಸ್ನಾಯುರಜ್ಜು ಕಡಿದರೆ ಆ ಕೈ ಮತ್ತೆ ಈಟಿ ಹಿಡಿಯಲಿಕ್ಕಿಲ್ಲ. ಎರಡನೆಯ ಸಂಪುಟದ ಮಧ್ಯದಲ್ಲಿ ಬಾಚಲೆಗೆ ಇದು ಆಗಬಹುದೇ ಎಂದು ಯೋಚಿಸಿ. ಅಲ್ಲಿಂದ ಮುಂದೆ ಅವಳು ಕತ್ತಿಯಿಂದ ಏನನ್ನೂ ಸಾಬೀತು ಮಾಡಲಾರಳು, ನಿಮ್ಮ ಓದುಗರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಸ್ಥಿತಿಗೆ ಕಥೆಯೇ ನಿಮ್ಮನ್ನು ತಂದು ನಿಲ್ಲಿಸುತ್ತದೆ.

ವಿರೋಧಿಗಳ ವಿಷಯ. ‘ಹೆಣ್ಣಿನ ಮಾತು ಕೇಳಬೇಕೇ’ ಎಂದು ಮೀಸೆ ತಿರುವುವ ದಳಪತಿ, ಐದು ಪುಟದ ನಂತರ ಅವಳ ಕಾಲಿಗೆ ಬೀಳುವುದು, ಇದನ್ನು ಓದುಗರು ನೂರು ಸಲ ಓದಿದ್ದಾರೆ. ವಿರೋಧಕ್ಕೆ ಲಾಭನಷ್ಟದ ಬೇರು ಇರಲಿ. ಅವಳು ನಾಯಕಿಯಾದರೆ ಚಿಕ್ಕಪ್ಪನ ಮಗನ ಪಾಲು ಹೋಗುತ್ತದೆ. ಸುಗ್ಗಿಗೆ ಮುಂಚೆ ದಂಡು ಹೊರಟರೆ ಹಳೆಯ ದಳಪತಿಯ ಊರುಗಳಲ್ಲಿ ಕಟಾವು ನಿಲ್ಲುತ್ತದೆ. ಇವರು ತಮ್ಮ ಹಿತವನ್ನು ‘ಹೆಣ್ಣು’ ಎನ್ನುವ ಮಾತಿನ ಹಿಂದೆ ಅಡಗಿಸಲಿ, ಬಾಚಲೆ ಮಾತನ್ನು ಬಿಟ್ಟು ಹಿತಕ್ಕೆ ಉತ್ತರ ಕೊಡಲಿ. ವಿರೋಧಿಸಿದವನು ಕನಿಷ್ಠ ಒಮ್ಮೆ ಪೂರ್ತಿ ಸರಿಯಾಗಿರಬೇಕು, ಅವನ ಮಾತು ಕೇಳದೆ ಹೋದದ್ದರಿಂದ ಜನ ಸಾಯಬೇಕು. ಉಳಿದವರೆಲ್ಲ ದಡ್ಡರಾಗಿದ್ದಾಗ ಬುದ್ಧಿವಂತೆಯಾಗುವುದು ಸುಲಭ. ಸಭೆಯಲ್ಲಿ ಮೂರು ಒಳ್ಳೆಯ ಸಲಹೆಗಳು ಇರಲಿ, ಅವಳು ಒಂದನ್ನು ಆರಿಸಿ ಉಳಿದೆರಡರ ನಷ್ಟವನ್ನು ಹೊರಲಿ.

ಕಿತ್ತೂರಿನ ಚೆನ್ನಮ್ಮ ಇಂಥದ್ದೊಂದು ಇಕ್ಕಟ್ಟನ್ನು ನಿಜವಾಗಿ ಎದುರಿಸಿದವಳು. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ, ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಒತ್ತೆಯಾಳುಗಳಾಗಿ ಸಿಕ್ಕರು. ಯುದ್ಧ ಮುಂದುವರಿಯದು ಎಂಬ ಭರವಸೆಯ ಮೇಲೆ ಅವರನ್ನು ಬಿಟ್ಟುಕೊಟ್ಟಳು. ಕಂಪನಿ ದೊಡ್ಡ ಸೇನೆ ತಂದಿತು, ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಒತ್ತೆಯಾಳುಗಳನ್ನು ಇಟ್ಟುಕೊಂಡಿದ್ದರೂ ಸೇನೆ ಬರುತ್ತಿತ್ತೇನೋ. ಬಿಟ್ಟದ್ದು ತಪ್ಪೇ ಸರಿಯೇ ಎಂದು ಇಂದಿಗೂ ವಾದ ಮಾಡಬಹುದು, ಕಾದಂಬರಿಗೆ ಬೇಕಾದ ತೀರ್ಮಾನ ಇಂಥದ್ದು.

ಹೆಣ್ಣಾಗಿರುವುದರಿಂದಲೇ ಬರುವ ರಾಜಕೀಯ ಒಂದಿದೆ, ಅದನ್ನು ಹೆಚ್ಚಿನ ಕರಡುಗಳು ಪ್ರೇಮಕಥೆಯಲ್ಲಿ ಕಳೆದುಬಿಡುತ್ತವೆ: ಮದುವೆ. ಬಾಚಲೆ ಯಾರನ್ನು ಮದುವೆಯಾದರೂ ಆ ಮನೆಯವರು ಸೇನೆಯ ಮೇಲೆ ಹಕ್ಕು ಹೇಳುತ್ತಾರೆ. ಮದುವೆಯಾಗದಿದ್ದರೆ ವಾರಸುದಾರ ಯಾರು ಎಂಬ ಪ್ರಶ್ನೆ ಪ್ರತಿವರ್ಷ ದೊಡ್ಡದಾಗುತ್ತದೆ. ಬಸುರಿಯಾದರೆ ಒಂದು ದಂಡಯಾತ್ರೆಯ ಕಾಲ ಪೂರ್ತಿ ಬೇರೆಯವರ ಕೈಗೆ ಹೋಗುತ್ತದೆ, ಆ ಬೇರೆಯವರು ಯಾರು? ಕೆಳದಿಯ ಚೆನ್ನಮ್ಮಾಜಿ ಗಂಡ ತೀರಿದ ಮೇಲೆ ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡು ಎರಡೂವರೆ ದಶಕ ಆಳಿದಳು. ವಾರಸುದಾರನನ್ನು ತಾನೇ ಆರಿಸಿ ತಾನೇ ಬೆಳೆಸಿದ್ದರಿಂದ ಅವಳ ಹೆಸರಿನಲ್ಲಿ ಬೇರೆಯವರು ಆಡಳಿತ ನಡೆಸುವ ದಾರಿ ಮುಚ್ಚಿತು. ಹಿಂಸೆಗೊಳಗಾದದ್ದೇ ಅವಳು ಕತ್ತಿ ಹಿಡಿಯಲು ಏಕೈಕ ಕಾರಣ ಎನ್ನುವ ಹಿನ್ನೆಲೆಯನ್ನಂತೂ ದಯವಿಟ್ಟು ಬಿಡಿ. ಸೇಡು ಒಬ್ಬಳನ್ನು ಓಡಿಸಬಲ್ಲದು, 3,000 ಜನರನ್ನಲ್ಲ.

ಅವಳ ಲೋಕದಲ್ಲಿ ಬೇರೆ ಹೆಂಗಸರು ಎಲ್ಲಿದ್ದಾರೆ ಎನ್ನುವುದನ್ನೂ ನೋಡಿಕೊಳ್ಳಿ. ಅವಳೊಬ್ಬಳೇ ಯೋಧೆಯಾಗಿದ್ದರೆ ಅವಳಿಗೆ ಯಾಕೆ ತರಬೇತಿ ಸಿಕ್ಕಿತು ಎಂದು ಹೇಳಬೇಕು. ನೂರಾರು ಹೆಂಗಸರು ಕಾದಾಡುವ ನಾಡಾಗಿದ್ದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಆಸ್ತಿ ಯಾರಿಗೆ ಹೋಗುತ್ತದೆ ಎನ್ನುವುದೆಲ್ಲ ಬದಲಾಗುತ್ತದೆ. ಆಫ್ರಿಕದ ದಹೋಮಿ ರಾಜ್ಯದಲ್ಲಿ 19ನೆಯ ಶತಮಾನದಲ್ಲಿ ಹೆಂಗಸರದೇ ದಳಗಳು ರಾಜನ ಸ್ಥಾಯಿ ಸೇನೆಯಲ್ಲಿದ್ದವು. ಅವರು ಅರಮನೆಗೆ ಸೇರಿದವರು, ಮದುವೆಯಾಗುವಂತಿರಲಿಲ್ಲ. ಅಂಥ ಒಂದು ಕಟ್ಟಳೆಯಿದ್ದರೇ ಒಂದು ಉಪಕಥೆ ಸಿಗುತ್ತದೆ. ಮಾಯಾಶಕ್ತಿಗೂ ಇದೇ ಮಾತು. ಶಕ್ತಿ ಇರಲಿ, ಆದರೆ ಪಡಿತರ, ನ್ಯಾಯ, ಒಡಕು ಇವುಗಳನ್ನು ಅದು ಬಗೆಹರಿಸಬಾರದು. ಅವಳು ಗೆದ್ದೇ ಗೆಲ್ಲುತ್ತಾಳೆ ಎನ್ನುವ ಭವಿಷ್ಯವಾಣಿಯಿದ್ದರೆ ತೆಗೆದುಹಾಕಿ.

ಮೂರು ಸಂಪುಟಗಳ ಏರಿಕೆಯನ್ನು ಶತ್ರುವಿನ ಗಾತ್ರದಿಂದ ಅಳೆಯಬೇಡಿ, ಅವಳ ಕೈಕೆಳಗಿನ ಜನಸಂಖ್ಯೆಯಿಂದ ಅಳೆಯಿರಿ. ಮೊದಲ ಸಂಪುಟದಲ್ಲಿ 100 ಜನ ಇರಲಿ, ಪ್ರತಿಯೊಬ್ಬರ ಹೆಸರೂ ಅವಳಿಗೆ ಗೊತ್ತು, ಎಲ್ಲ ಆಜ್ಞೆಯೂ ಅವಳ ಬಾಯಿಂದಲೇ. 3,000 ಜನ ಎರಡನೆಯ ಸಂಪುಟಕ್ಕೆ ಬರಲಿ. ಅಲ್ಲಿ ಅವಳ ಹಳೆಯ ಕೌಶಲವೇ ಅಡ್ಡಿ. ಎಲ್ಲವನ್ನೂ ತಾನೇ ನೋಡಲು ಹೋಗುತ್ತಾಳೆ, ದಳಪತಿಗಳು ಅವಳನ್ನು ಕೇಳದೆ ಹೆಜ್ಜೆ ಇಡಲು ಹೆದರುತ್ತಾರೆ, ಒಂದು ದಿನ ಅದೇ ಕಾರಣಕ್ಕೆ ಹಿಂಬದಿ ನಾಶವಾಗುತ್ತದೆ. ಮಂಗೋಲರು ಮಾಡಿದಂತೆ ಹತ್ತಕ್ಕೊಬ್ಬ, ನೂರಕ್ಕೊಬ್ಬ, ಸಾವಿರಕ್ಕೊಬ್ಬ ಎಂದು ಕಟ್ಟಿ, ಕೆಳಗಿನವರಿಗೆ ತೀರ್ಮಾನದ ಹಕ್ಕು ಬಿಟ್ಟುಕೊಡಲು ಅವಳು ಕಲಿಯಬೇಕು. ಮೂರನೆಯ ಸಂಪುಟ ನಾಡಿನದು: ಕಣಜ, ಒಪ್ಪಂದ, ಸಂಬಳ ಕೇಳುವ ಸೈನಿಕರನ್ನು ಊರಿಗೆ ಕಳಿಸುವುದು. 1623ರಲ್ಲಿ ಉಳ್ಳಾಲಕ್ಕೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಲ್ಲಿನ ರಾಣಿಯನ್ನು ಕಂಡದ್ದು ದರ್ಬಾರಿನಲ್ಲಲ್ಲ. ಅವಳು ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ ತಾನು ತೋಡಿಸುತ್ತಿದ್ದ ಕಾಲುವೆ ನೋಡಲು ನಡೆದು ಹೋಗುತ್ತಿದ್ದಳು. ರಾಣಿಯ ಠೀವಿ ಅವನಿಗೆ ಕಂಡದ್ದು ಅವಳ ಮಾತಿನಲ್ಲಿ. ಬಾಚಲೆಯ ಕೊನೆಯ ಸಂಪುಟದಲ್ಲಿ ಇಂಥ ದೃಶ್ಯಗಳು ಬೇಕು.

ಈ ಏರಿಕೆಯನ್ನು ತೋರಿಸಲು ಕನ್ನಡ ನಿಮಗೊಂದು ಒಳ್ಳೆಯ ಸಲಕರಣೆ ಕೊಟ್ಟಿದೆ. ದಳಪತಿಗಳು ಮೊದಲು ಅವಳನ್ನು ‘ನೀನು’ ಎನ್ನಲಿ. ಯಾರು ಯಾವ ದಿನ ‘ನೀವು’ಗೆ ಬದಲಾದರು ಎಂದು ಪಟ್ಟಿ ಇಟ್ಟುಕೊಳ್ಳಿ, ಆದರೆ ನಿರೂಪಣೆಯಲ್ಲಿ ಅದರ ಬಗ್ಗೆ ಸೊಲ್ಲೆತ್ತಬೇಡಿ. ಜಗಳದ ನಡುವೆ ಒಬ್ಬ ಮತ್ತೆ ‘ನೀನು’ಗೆ ಇಳಿದರೆ ಸಾಕು, ಓದುಗರು ಬೆಚ್ಚುತ್ತಾರೆ. ಮುದಿ ಕಾವಲುಗಾರ ಕೊನೆಯವರೆಗೂ ‘ನೀನು’ ಎನ್ನುತ್ತಲೇ ಇರಲಿ.

ತಿದ್ದುವ ಕ್ರಮ ಹೀಗಿಟ್ಟುಕೊಳ್ಳಿ. ಒಂದು ಅಧ್ಯಾಯ ತೆಗೆದುಕೊಂಡು ಅವಳ ಧೈರ್ಯ, ತೇಜಸ್ಸು, ಕಣ್ಣಿನ ಕಿಡಿ ಇವುಗಳ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದರಲ್ಲಿ ಅವಳು ಕೊಟ್ಟ ಆಜ್ಞೆಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿ ಆಜ್ಞೆಯ ಪಕ್ಕದಲ್ಲಿ ಬರೆಯಿರಿ: ಯಾರಿಗೆ ಹೋಯಿತು, ಹೇಗೆ ಹೋಯಿತು, ಎಷ್ಟು ಹೊತ್ತು ಹಿಡಿಯಿತು, ತಲುಪುವಾಗ ಏನು ಬದಲಾಗಿತ್ತು, ಯಾರಿಗೆ ನಷ್ಟವಾಯಿತು. ಗೆರೆ ಎಳೆಯಲು ಆಜ್ಞೆಯೇ ಸಿಗದಿದ್ದರೆ ಆ ಅಧ್ಯಾಯದಲ್ಲಿ ಯೋಧೆ ಇದ್ದಾಳೆ, ನಾಯಕಿ ಇಲ್ಲ. ಎಲ್ಲ ಆಜ್ಞೆಗಳೂ ಕೂಡಲೇ, ಸರಿಯಾಗಿ, ಎಲ್ಲರಿಂದಲೂ ಪಾಲನೆಯಾಗಿದ್ದರೆ ಅಲ್ಲಿ ಒಂದನ್ನು ತಡವಾಗಿಸಿ, ಒಂದನ್ನು ತಪ್ಪಾಗಿ ಅರ್ಥಮಾಡಿಸಿ.

ಇನ್ನು ಅವಳು ಸಾಯಬೇಕೇ ಎನ್ನುವ ಪ್ರಶ್ನೆ. ಸಾವು ಚೆನ್ನಾಗಿ ಬರುತ್ತದೆಯೋ ಇಲ್ಲವೋ ಎಂದು ನೋಡಬೇಡಿ, ಮರುದಿನ ಏನಾಗುತ್ತದೆ ಎಂದು ನೋಡಿ. ಇಂಗ್ಲೆಂಡಿನ ಮರ್ಸಿಯಾವನ್ನು ಆಳಿದ ಎಥೆಲ್‌ಫ್ಲೆಡ್ ಊರೂರಿಗೆ ಕೋಟೆ ಕಟ್ಟಿಸಿ ನಾಡನ್ನು ಉಳಿಸಿಕೊಂಡಳು, 917ರಲ್ಲಿ ಡರ್ಬಿಯನ್ನೂ 918ರಲ್ಲಿ ಲೆಸ್ಟರನ್ನೂ ಪಡೆದಳು, ಅದೇ ವರ್ಷ ತೀರಿಕೊಂಡಳು. ಮಗಳು ಎಲ್ಫ್‌ವಿನ್ ಪಟ್ಟಕ್ಕೆ ಬಂದಳು. ಕೆಲವೇ ತಿಂಗಳಲ್ಲಿ ಸೋದರಮಾವ ಎಡ್ವರ್ಡ್ ಅವಳ ಅಧಿಕಾರ ಕಿತ್ತುಕೊಂಡು ಅವಳನ್ನು ನಾಡಿನಿಂದಾಚೆ ಕರೆದೊಯ್ದ. ಕೋಟೆಗಳು ಉಳಿದವು, ಹೆಣ್ಣಿನ ಆಳ್ವಿಕೆ ಉಳಿಯಲಿಲ್ಲ. ಬಾಚಲೆ ಸತ್ತರೆ ಅಥವಾ ಅಧಿಕಾರ ಬಿಟ್ಟರೆ ಕಣಜದ ಬೀಗದಕೈ ಯಾರ ಕೈಗೆ ಹೋಗುತ್ತದೆ, ಸವಾರರ ಸಂಬಳ ಯಾರು ಕೊಡುತ್ತಾರೆ, ಸೋತ ದಳಪತಿಯ ತಮ್ಮ ಎಲ್ಲಿರುತ್ತಾನೆ? ಆ ಅಧ್ಯಾಯವನ್ನು ಎರಡನೆಯ ಸಂಪುಟಕ್ಕೆ ಕೈ ಹಾಕುವ ಮೊದಲೇ ಬರೆದಿಡಿ. ಅದರಲ್ಲಿ ಬೀಗದಕೈ ಹಿಡಿದು ನಿಂತವರು ಯಾರೆಂದು ಗೊತ್ತಾದ ಮೇಲೆ, ಅವರನ್ನು ಮೊದಲ ಸಂಪುಟದ ಆ 100 ಜನರ ನಡುವೆ, ಒಂದು ಸಣ್ಣ ಕೆಲಸ ಕೊಟ್ಟು ತಂದು ನಿಲ್ಲಿಸಿ.